ಪಿಕಲ್‌ಬಾಲ್: ಮೊದಲು ಸರ್ವ್ ಕಲಿಸಿ, ಉಳಿದದ್ದು ಆಮೇಲೆ

ಸಂಪಾದಕರಿಗೆ,

ನಮಸ್ಕಾರ. ನಾನು 31 ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಈಗ ನಿವೃತ್ತನಾಗಿ ಮೈಸೂರಿನಲ್ಲಿದ್ದೇನೆ. ದಿನಾ ಬೆಳಿಗ್ಗೆ ಆರಕ್ಕೆ ಪಿಕಲ್‌ಬಾಲ್ ಆಡಲು ಹೋಗುತ್ತೇನೆ, ಶುರು ಮಾಡಿ ಎರಡು ವರ್ಷದ ಮೇಲಾಯಿತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಪ್ಯಾಡಲ್ ಅನ್ನುವ ಚಪ್ಪಟೆ ಬ್ಯಾಟಿನಿಂದ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ನೆಟ್ಟಿನ ಆಚೆ ಈಚೆ ಹೊಡೆಯುವ ಆಟ ಇದು. ನಿಮ್ಮ ಪತ್ರಿಕೆಯಲ್ಲೂ ಈ ಆಟದ ಸುದ್ದಿ ಆಗಾಗ ಬರುತ್ತಿದೆ, ಎಲ್ಲಿ ಹೊಸ ಕೋರ್ಟ್ ಆಯಿತು, ಎಲ್ಲಿ ಟೂರ್ನಿ ಅಂತ. 2025ರ ಆರಂಭದಲ್ಲಿ ಮುಂಬೈನಲ್ಲಿ ನಡೆದ ವರ್ಲ್ಡ್ ಪಿಕಲ್‌ಬಾಲ್ ಲೀಗಿನಲ್ಲಿ ಬೆಂಗಳೂರು ಜವಾನ್ಸ್ ಗೆದ್ದ ಮೇಲಂತೂ ನಮ್ಮ ಕಡೆ ಹುಡುಗರಿಗೆ ಇದರ ಹುಚ್ಚು ಜಾಸ್ತಿ ಆಗಿದೆ. ಬಹಳ ಸಂತೋಷ. ಆದರೆ ಈ ಆಟ ಆಡುವುದು ಹೇಗೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದರಲ್ಲೂ ಸರ್ವ್ ಬಗ್ಗೆ ಹೇಳಲೇಬೇಕಾದ ಮಾತಿದೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿ ಹಾಕದೆ ಪ್ರಕಟಿಸಿ.

ವಿಷಯ ಇಷ್ಟೇ. ನಮ್ಮಲ್ಲಿ ಸರ್ವ್‌ಗೆ ಯಾರೂ ಬೆಲೆ ಕೊಡುತ್ತಿಲ್ಲ. ಅರ್ಧ ಜನ ಸುಮ್ನೆ ಚೆಂಡು ಆಚೆ ದಾಟಿದರೆ ಸಾಕು ಅನ್ನುತ್ತಾರೆ. ಇನ್ನರ್ಧ ಜನ ಮೊದಲ ದಿನದಿಂದಲೇ ರಪ್ಪಂತ ಬಾರಿಸಲು ನೋಡುತ್ತಾರೆ. ಒಂದು ನೆಟ್ಟಿಗೆ, ಇನ್ನೊಂದು ಗೆರೆಯಾಚೆಗೆ.

ಹೋದ ವಾರ ನನ್ನ ಸರದಿ ಬರುವವರೆಗೆ ಬೆಂಚಿನ ಮೇಲೆ ಕೂತು ಒಂದು ಡಬಲ್ಸ್ ಆಟ ನೋಡುತ್ತಾ ಬೆರಳಲ್ಲಿ ಎಣಿಸಿದೆ. ಸೋತ ಜೋಡಿ ಒಂಬತ್ತು ಸರ್ವ್ ಹಾಳು ಮಾಡಿದ್ದರು. ಎದುರಿನವರು ಬೆವರು ಸುರಿಸಿ ಗೆದ್ದದ್ದಲ್ಲ, ಇವರೇ ತಟ್ಟೆಯಲ್ಲಿಟ್ಟು ಕೊಟ್ಟದ್ದು. ಆಟ 11-6ಕ್ಕೆ ಮುಗಿಯಿತು. ಹೊರಗೆ ಬಂದ ಮೇಲೆ ಆ ಹುಡುಗರು ಮಾತಾಡಿಕೊಂಡದ್ದು ಸ್ಮ್ಯಾಶ್ ಸರಿ ಬೀಳಲಿಲ್ಲ ಅಂತ! ಸರ್ವ್ ಮಾತೇ ಬರಲಿಲ್ಲ. ನನಗೆ ನಿಜಕ್ಕೂ ಸಂಕಟ ಆಯಿತು.

ಯಾಕೆ ಅಂದರೆ ಈ ಆಟದಲ್ಲಿ ಸರ್ವ್ ಮಾಡುವ ಕಡೆಗೆ ಮಾತ್ರ ಪಾಯಿಂಟ್. ಹಳೇ ಬ್ಯಾಡ್ಮಿಂಟನ್ ಆಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. 2006ಕ್ಕೆ ಮುಂಚೆ ಅಲ್ಲೂ ಹೀಗೇ ಇತ್ತು, ಆಮೇಲೆ 21 ಪಾಯಿಂಟಿನ ಪದ್ಧತಿ ಬಂದು ಯಾರು ಗೆದ್ದರೂ ಪಾಯಿಂಟ್ ಅಂತಾಯಿತು. ಪಿಕಲ್‌ಬಾಲ್‌ನಲ್ಲಿ ಕೆಲವು ಲೀಗುಗಳಲ್ಲಿ ಬೇರೆ ಲೆಕ್ಕ ಇರಬಹುದು, ನಾವು ದಿನಾ ಆಡುವ ಮಾಮೂಲಿ ಆಟದಲ್ಲಿ ಹಳೇ ಲೆಕ್ಕವೇ. ಟೆನಿಸ್‌ನ ಹಾಗೆ ಎರಡನೇ ಅವಕಾಶವೂ ಇಲ್ಲ. ಒಂದೇ ಸರ್ವ್. ಅದು ಹೋಯಿತು ಅಂದರೆ ನಿಮ್ಮ ಸರದಿ ಹೋಯಿತು, ಡಬಲ್ಸ್ ಆದರೆ ಆಮೇಲೆ ಜೊತೆಗಾರರ ಸರದಿ, ಅವರದೂ ಹೋದರೆ ಸರ್ವ್ ಎದುರಿನವರಿಗೆ. ಆಟ ಶುರುವಾಗುವಾಗ 0-0-2 (ನಮ್ಮ ಪಾಯಿಂಟ್, ಎದುರಿನವರ ಪಾಯಿಂಟ್, ಜೋಡಿಯಲ್ಲಿ ಎಷ್ಟನೆಯವರ ಸರ್ವ್) ಅಂತ ಕೂಗುತ್ತೇವಲ್ಲ, ಅದರ ಅರ್ಥವೂ ಇದೇ: ಮೊದಲು ಸರ್ವ್ ಮಾಡುವ ಜೋಡಿಗೆ ಆ ಸಲ ಒಬ್ಬರದೇ ಸರದಿ. ಸರ್ವ್ ಕೈಲಿರುವುದು ಅಂದರೆ ಅಷ್ಟು ದೊಡ್ಡ ಅನುಕೂಲ ಅಂತ ನಿಯಮ ಮಾಡಿದವರಿಗೇ ಗೊತ್ತಿತ್ತು, ಅದಕ್ಕೇ ಮೊದಲ ಸಲ ಅರ್ಧ ಮಾಡಿ ಕೊಟ್ಟಿದ್ದಾರೆ.

ಇನ್ನೊಂದು ಮಾತು. ಆಟದಲ್ಲಿ ಉಳಿದ ಯಾವ ಹೊಡೆತವೂ ಪೂರ್ತಿ ನಿಮ್ಮ ಕೈಯಲ್ಲಿಲ್ಲ, ಎದುರಿನವರು ಕಳಿಸಿದ ಚೆಂಡಿಗೆ ನೀವು ಓಡಬೇಕು, ಬಗ್ಗಬೇಕು, ತಿರುಗಬೇಕು. ಸರ್ವ್ ಒಂದೇ ನಿಂತ ಜಾಗದಲ್ಲಿ, ನಿಮ್ಮ ಹೊತ್ತಿಗೆ, ನಿಮ್ಮ ಕೈಯಿಂದ ಬಿಟ್ಟ ಚೆಂಡನ್ನು ನೀವೇ ಹೊಡೆಯುವುದು. ಅರವತ್ತು ದಾಟಿದವರೂ, ಮಂಡಿ ನೋವಿದ್ದವರೂ ಇದರಲ್ಲಿ ಪಳಗಬಹುದು.

ಈಗ ನಿಯಮಕ್ಕೆ ಬರುತ್ತೇನೆ, ಇದರಲ್ಲೂ ಗೊಂದಲ ಬಹಳ. ಚೆಂಡು ನೆಲಕ್ಕೆ ಬೀಳುವ ಮುಂಚೆ ಹೊಡೆಯುವ ಸರ್ವ್ ಒಂದು. ಅದರಲ್ಲಿ ಕೈ ಕೆಳಗಿನಿಂದ ಮೇಲಕ್ಕೆ ಬರಬೇಕು, ಚೆಂಡು ಸೊಂಟಕ್ಕಿಂತ ಮೇಲಿರಬಾರದು, ತಗಲುವ ಗಳಿಗೆಯಲ್ಲಿ ಪ್ಯಾಡಲಿನ ತಲೆ ಮಣಿಕಟ್ಟಿಗಿಂತ ಮೇಲೆ ಹೋಗಿರಬಾರದು. ನಮ್ಮ ಬಾಲ್ ಬ್ಯಾಡ್ಮಿಂಟನ್ ಆಡಿದವರಿಗೆ ಕೆಳಗಿನಿಂದ ಸರ್ವ್ ಮಾಡುವುದು ಹೊಸದಲ್ಲ, ಅಲ್ಲೂ ಸೊಂಟದ ಕೆಳಗೇ ಹೊಡೆಯಬೇಕು. ಎರಡನೆಯದು ಡ್ರಾಪ್ ಸರ್ವ್. ಚೆಂಡನ್ನು ಕೈಯಿಂದ ಸುಮ್ನೆ ಬಿಡುವುದು, ಅದು ನೆಲಕ್ಕೆ ಬಿದ್ದು ಎದ್ದ ಮೇಲೆ ಹೊಡೆಯುವುದು. ಮೇಲಕ್ಕೆ ಎಸೆಯುವಂತಿಲ್ಲ, ಕೆಳಕ್ಕೆ ಒತ್ತಿ ಬಡಿಯುವಂತಿಲ್ಲ, ಬಿಡಬೇಕು ಅಷ್ಟೇ. ಹೀಗೆ ಮಾಡಿದರೆ ಆ ಸೊಂಟ, ಮಣಿಕಟ್ಟಿನ ನಿಯಮ ಯಾವುದೂ ಇಲ್ಲ. ಇದು 2021ರಲ್ಲಿ ಬಂತು. ಎರಡರಲ್ಲೂ ಚೆಂಡಿಗೆ ಪ್ಯಾಡಲ್ ತಗಲುವಾಗ ಒಂದು ಕಾಲಾದರೂ ಬೇಸ್‌ಲೈನಿನ (ಕೋರ್ಟಿನ ಹಿಂತುದಿಯ ಗೆರೆ) ಹಿಂದೆ ನೆಲದ ಮೇಲಿರಬೇಕು, ಗೆರೆ ಮೆಟ್ಟಬಾರದು. ಚೆಂಡು ಓರೆಯಾಗಿ ಎದುರಿನ ಚೌಕಕ್ಕೆ ಹೋಗಬೇಕು, ಕಿಚನ್ (ನೆಟ್ಟಿನ ಪಕ್ಕದ ಏಳು ಅಡಿ ಜಾಗ, ಅಲ್ಲಿ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ) ಗೆರೆಗೆ ತಗುಲಿದರೂ ಫಾಲ್ಟ್. ನೆಟ್ಟಿಗೆ ತಾಗಿ ಸರಿಯಾದ ಚೌಕದಲ್ಲಿ ಬಿದ್ದರೆ ಮತ್ತೆ ಸರ್ವ್ ಮಾಡುವಂತಿಲ್ಲ, ಆಟ ಮುಂದುವರಿಯುತ್ತದೆ. ಇದೂ 2021ರ ಬದಲಾವಣೆಯೇ. ನಮ್ಮ ಕೋರ್ಟಿನಲ್ಲಿ ಇವತ್ತಿಗೂ 'ಲೆಟ್, ಲೆಟ್' ಅಂತ ಕೂಗಿ ಜಗಳ ಆಗುತ್ತದೆ.

ಹುಡುಗರು ಮೊಬೈಲಿನಲ್ಲಿ ಹಳೇ ವಿಡಿಯೊ ನೋಡಿ ಚೆಂಡನ್ನು ಬೆರಳಲ್ಲಿ ತಿರುಗಿಸಿ ಬಿಡಲು ಹೋಗುತ್ತಾರೆ. ಅಮೆರಿಕದ ಜೇನ್ ನವ್ರಾಟಿಲ್ 2021ರಲ್ಲಿ ಚೆಂಡನ್ನು ಪ್ಯಾಡಲಿಗೆ ಉಜ್ಜಿ ಸ್ಪಿನ್ ಕೊಡುವ ಚೈನ್‌ಸಾ ಸರ್ವ್ ಮಾಡಿ ಹೆಸರಾದರು, ಅದನ್ನು ಆಮೇಲೆ ನಿಷೇಧ ಮಾಡಿದರು. 2023ರಿಂದ ಕೈಯಿಂದ ತಿರುಗಿಸಿ ಬಿಡುವುದಕ್ಕೂ ಅವಕಾಶ ಇಲ್ಲ. ಪ್ಯಾಡಲಿನಿಂದ ಹೊಡೆಯುವಾಗ ಬರುವ ಸ್ಪಿನ್‌ಗೆ ಮಾತ್ರ ಅಡ್ಡಿಯಿಲ್ಲ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಟೂರ್ನಿಗೆ ಹೋಗಿ ಮೊದಲ ಸರ್ವ್‌ಗೇ ಫಾಲ್ಟ್ ಅನ್ನಿಸಿಕೊಂಡು ಮುಖ ಸಣ್ಣ ಮಾಡಿಕೊಂಡು ಬಂದ ಮಕ್ಕಳನ್ನು ನಾನೇ ನೋಡಿದ್ದೇನೆ.

ಇನ್ನು ಕಲಿಸುವುದು ಹೇಗೆ. ನಮ್ಮ ಬೆಳಗಿನ ಗುಂಪಿಗೆ ಒಬ್ಬರು ಅಕ್ಕ ಬರುತ್ತಾರೆ, ಐವತ್ತೆಂಟು ವಯಸ್ಸು, ಜೀವಮಾನದಲ್ಲಿ ಯಾವ ಆಟವನ್ನೂ ಆಡಿದವರಲ್ಲ. ಮಗಳು ಬಲವಂತ ಮಾಡಿ ಕರೆತಂದದ್ದು. ಅವರ ಸರ್ವ್ ಹತ್ತರಲ್ಲಿ ಎರಡು ದಾಟಿದರೆ ಹೆಚ್ಚು. ಮೊಣಕೈ ಮಡಚಿ, ಮಣಿಕಟ್ಟಿನಿಂದ ಚೆಂಡನ್ನು ಕುಕ್ಕುತ್ತಿದ್ದರು. ನಾನು ಎಷ್ಟು ಹೇಳಿದರೂ ಆಗಲಿಲ್ಲ. ಒಂದು ದಿನ ಕೇಳಿದೆ, "ಅಕ್ಕಾ, ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವವರು ಯಾರು?" "ಇನ್ಯಾರು, ನಾನೇ" ಅಂದರು. "ಚೊಂಬು ಹಿಡಿದು ಹೇಗೆ ಎರಚುತ್ತೀರಿ, ತೋರಿಸಿ" ಅಂದೆ. ನಗುತ್ತಾ ತೋರಿಸಿದರು. ಎಡಗಾಲು ಮುಂದೆ, ಮೈ ಸ್ವಲ್ಪ ಓರೆ, ಬಲಗೈ ಹಿಂದಿನಿಂದ ತೊಡೆಯ ಪಕ್ಕದಲ್ಲಿ ಬಂದು ಮುಂದಕ್ಕೆ ಮೇಲಕ್ಕೆ ಹರಿಯಿತು, ಮೈಭಾರ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಬಂತು, ಕೈ ಕೊನೆಗೆ ಎಡಭುಜದ ಎತ್ತರದಲ್ಲಿ ನಿಂತಿತು. ಅಷ್ಟೇ ಸರ್ವ್! ನಲವತ್ತು ವರ್ಷದಿಂದ ದಿನಾ ಮಾಡುತ್ತಿರುವ ಕೆಲಸ. ಚೊಂಬಿನ ಜಾಗದಲ್ಲಿ ಪ್ಯಾಡಲ್ ಕೊಟ್ಟೆ, ಅಂಗಳದ ಆ ತುದಿಗೆ ನೀರು ಮುಟ್ಟಬೇಕು ಅಂದುಕೊಳ್ಳಿ ಅಂದೆ. ಮೂರನೇ ಚೆಂಡು ನೆಟ್ಟಿನ ಮೇಲೆ ಎರಡು ಅಡಿ ಎತ್ತರದಲ್ಲಿ ಹಾದು ಬೇಸ್‌ಲೈನಿನ ಹತ್ತಿರ ಹೋಗಿ ಬಿತ್ತು. ಅಕ್ಕನ ಮುಖ ನೋಡಬೇಕಿತ್ತು ನೀವು. ಈಗ ಅವರು ಹತ್ತಕ್ಕೆ ಎಂಟು ಸರ್ವ್ ಚೌಕದೊಳಗೆ ಹಾಕುತ್ತಾರೆ.

ಗಮನಿಸಬೇಕಾದ್ದು ಇಷ್ಟು. ಮಣಿಕಟ್ಟು ಗಟ್ಟಿ ಇರಲಿ, ಕೈ ಭುಜದಿಂದ ತೂಗಲಿ, ಮರದ ಜೋಕಾಲಿಯ ಹಾಗೆ. ಚೆಂಡು ತಗಲುವುದು ಮುಂದಿನ ಕಾಲಿನ ಎದುರಿಗೆ, ಹೊಟ್ಟೆಯ ಪಕ್ಕದಲ್ಲಲ್ಲ. ಚೆಂಡನ್ನು ಎತ್ತರಕ್ಕೆ ಹಾರಿಸಬೇಡಿ, ಹೆಚ್ಚು ಹಾರಿಸಿದಷ್ಟೂ ಹೆಚ್ಚು ತಪ್ಪು. ಕೈ ನಡುಗುವವರು, ಹೊಸಬರು ಡ್ರಾಪ್ ಸರ್ವ್‌ನಿಂದಲೇ ಶುರು ಮಾಡಿ. ಈ ಚೆಂಡು ಟೆನಿಸ್ ಚೆಂಡಿನಷ್ಟು ಪುಟಿಯುವುದಿಲ್ಲ, ಭುಜದ ಎತ್ತರದಿಂದ ಬಿಟ್ಟರೂ ಮಂಡಿಯ ಆಸುಪಾಸಿಗೆ ಬರುತ್ತದೆ. ಅದಕ್ಕೆ ಸ್ವಲ್ಪ ಬಗ್ಗಿ ಕೆಳಗಿನಿಂದ ಎತ್ತಿ ಹೊಡೆಯಲೇಬೇಕು, ಹೊಡೆತ ತಾನಾಗಿ ಸರಿಯಾಗುತ್ತದೆ.

ಎಲ್ಲಿಗೆ ಹೊಡೆಯಬೇಕು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಜೋರಿಗಿಂತ ಆಳ ಮುಖ್ಯ, ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಸರ್ವ್ ಬೀಳಬೇಕಾದ ಚೌಕ 15 ಅಡಿ ಉದ್ದ, 10 ಅಡಿ ಅಗಲ. ಅದರ ಕೊನೆಯ ಮೂರು ನಾಲ್ಕು ಅಡಿಯಲ್ಲಿ ಚೆಂಡು ಬಿದ್ದರೆ ಎದುರಿನವರು ಬೇಸ್‌ಲೈನಿನ ಹಿಂದಕ್ಕೆ ಸರಿದು ಹೊಡೆಯಬೇಕಾಗುತ್ತದೆ. ಅವರ ಆಸೆಯೇನು? ಹೊಡೆದ ತಕ್ಷಣ ಕಿಚನ್ ಗೆರೆಗೆ ಓಡಿ ನಿಲ್ಲುವುದು. ಆಳದಿಂದ ಹೊಡೆದವರಿಗೆ ಅಷ್ಟು ದೂರ ಓಡುವುದರೊಳಗೆ ನಿಮ್ಮ ಮೂರನೇ ಹೊಡೆತ ಅವರ ಕಾಲ ಬಳಿ ಬಂದಿರುತ್ತದೆ. ಅದೇ ಸರ್ವ್ ಗಿಡ್ಡ ಬಿದ್ದರೆ ಅವರು ಮುಂದೆ ಬಂದೇ ಹೊಡೆಯುತ್ತಾರೆ, ಹೊಡೆದ ಮೇಲೆ ಎರಡು ಹೆಜ್ಜೆಗೆ ಕಿಚನ್ ಗೆರೆಯಲ್ಲಿ ಇರುತ್ತಾರೆ. ನೀವು ಎಷ್ಟೇ ಜೋರಾಗಿ ಹೊಡೆದಿರಿ, ಗಿಡ್ಡ ಬಿದ್ದ ಸರ್ವ್‌ನಿಂದ ಏನೂ ಸಿಗುವುದಿಲ್ಲ. ಹಾಗಂತ ಬೇಸ್‌ಲೈನ್ ಗೆರೆಗೇ ಗುರಿ ಇಡಬೇಡಿ. ಗೆರೆಯಿಂದ ಮೂರು ಅಡಿ ಒಳಗೆ ಗುರಿ ಇಟ್ಟರೆ, ಕೈ ತಪ್ಪಿ ಎರಡು ಅಡಿ ಜಾಸ್ತಿ ಹೋದರೂ ಒಳಗೇ ಇರುತ್ತದೆ.

ನೆಟ್ಟಿಗೆ ಹೆದರಿ ಅದರ ಮೇಲೆ ಒರೆಸಿಕೊಂಡು ಹೋಗುವ ಹಾಗೆ ಹೊಡೆಯುವವರು ಬಹಳ. ನೆಟ್ ನಡುವೆ 34 ಅಂಗುಲ, ಪಕ್ಕದಲ್ಲಿ 36 ಅಂಗುಲ. ಅದರ ಮೇಲೆ ಎರಡರಿಂದ ಮೂರು ಅಡಿ ಎತ್ತರದಲ್ಲಿ ಹೋಗುವ ಚೆಂಡು ನಿಧಾನವಾಗಿದ್ದರೂ ಆಳಕ್ಕೆ ಹೋಗಿ ಬೀಳುತ್ತದೆ. ಸರ್ವ್ ಬಂದ ತಕ್ಷಣ ಯಾರೂ ಗಾಳಿಯಲ್ಲಿ ಹೊಡೆಯುವಂತಿಲ್ಲ, ನೆಲಕ್ಕೆ ಬಿಡಲೇಬೇಕು ಅನ್ನುವ ನಿಯಮ ಇದೆಯಲ್ಲ, ಹಾಗಿರುವಾಗ ಎತ್ತರಕ್ಕೆ ಹೆದರುವುದು ಯಾಕೆ?

ಅದೇ ನಿಯಮದ ಇನ್ನೊಂದು ಮುಖವನ್ನು ನಮ್ಮವರು ಮರೆಯುತ್ತಾರೆ. ಎದುರಿನವರು ತಿರುಗಿಸಿ ಕಳಿಸಿದ ಚೆಂಡನ್ನು ನಾವೂ ನೆಲಕ್ಕೆ ಬಿಟ್ಟೇ ಹೊಡೆಯಬೇಕು. ಸರ್ವ್ ಮಾಡಿದವರು ತಕ್ಷಣ ಮುಂದಕ್ಕೆ ನುಗ್ಗಿದರೆ ಚೆಂಡು ಕಾಲಿಗೇ ಬಂದು ಬೀಳುತ್ತದೆ. ಸರ್ವ್ ಆದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ನಿಲ್ಲಿ, ಸರ್ವ್ ಮುಗಿಯುವುದು ಆ ಹೆಜ್ಜೆಯಲ್ಲಿ.

ಆಳ ಕೈಗೆ ಬಂದ ಮೇಲೆ ಮಾತ್ರ ಜಾಗ ಬದಲಿಸುವುದು. ಎದುರಿನವರು ಬಲಗೈಯವರಾದರೆ, ನೀವು ಬಲಗಡೆಯಿಂದ ಸರ್ವ್ ಮಾಡುವಾಗ ಅವರ ಬ್ಯಾಕ್‌ಹ್ಯಾಂಡ್ ನಡುಗೆರೆಯ ಕಡೆ ಇರುತ್ತದೆ, ಎಡಗಡೆಯಿಂದ ಮಾಡುವಾಗ ಪಕ್ಕದ ಗೆರೆಯ ಕಡೆ. ಸುಮಾರು ಜನರ ಬ್ಯಾಕ್‌ಹ್ಯಾಂಡ್ ಸೊರಗಿರುತ್ತದೆ. ಒಮ್ಮೊಮ್ಮೆ ನೇರ ಮೈಮೇಲೆ ಹಾಕಿ, ಯಾವ ಕಡೆ ಆಡಲಿ ಅಂತ ಒಂದು ಕ್ಷಣ ತಡಬಡಾಯಿಸುತ್ತಾರೆ. ಒಂದೇ ತರಹ ನಾಲ್ಕು ಹಾಕಿ ಐದನೆಯದನ್ನು ಮೆಲ್ಲಗೆ, ಎತ್ತರಕ್ಕೆ ಹಾಕಿದರೂ ಸಾಕು.

ಗಾಳಿ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮಲ್ಲಿ ಮಹಡಿ ಮೇಲಿನ ಕೋರ್ಟ್‌ಗಳೇ ಜಾಸ್ತಿ. ಚೆಂಡು 26 ಗ್ರಾಂ ಚಿಲ್ಲರೆ ತೂಗಿದರೆ ಹೆಚ್ಚು, ಮೈತುಂಬಾ ತೂತು, ಹೊರಗೆ ಆಡುವ ಚೆಂಡಿಗೆ ಸಾಮಾನ್ಯವಾಗಿ ನಲವತ್ತು ತೂತು. ಆಷಾಢದ ಗಾಳಿ ಬೀಸುವಾಗ ಅದು ನಿಮ್ಮ ಮಾತು ಕೇಳುವುದಿಲ್ಲ. ಗಾಳಿ ಎದುರಿಗಿದ್ದರೆ ಧೈರ್ಯವಾಗಿ ಜೋರು ಹೊಡೆಯಿರಿ, ಅದು ಹಿಡಿದು ನಿಲ್ಲಿಸುತ್ತದೆ. ಬೆನ್ನಿಗಿದ್ದರೆ ತಗ್ಗಿಸಿ, ಕಿಚನ್ ದಾಟಿ ಮಧ್ಯಕ್ಕೆ ಬೀಳುವ ಹಾಗೆ ಹೊಡೆದರೂ ಗಾಳಿಯೇ ಆಳಕ್ಕೆ ಒಯ್ಯುತ್ತದೆ. ಪಕ್ಕದಿಂದ ಬೀಸಿದರೆ ಗೆರೆಯ ಆಸೆ ಬಿಟ್ಟು ಚೌಕದ ನಡುವಿಗೇ ಗುರಿ. ಕೋರ್ಟಿಗೆ ಹೋದ ತಕ್ಷಣ ಯಾವುದಾದರೂ ಗಿಡದ ಎಲೆ, ಒಣಗಲು ಹಾಕಿದ ಬಟ್ಟೆ ನೋಡಿ ಗಾಳಿ ತಿಳಿದುಕೊಳ್ಳಿ.

ಇಷ್ಟೆಲ್ಲಾ ಗೊತ್ತಿದ್ದರೂ ಅಭ್ಯಾಸ ಆಗುವುದಿಲ್ಲ. ಕಾರಣ ಸ್ಪಷ್ಟ. ಕೋರ್ಟ್ ಗಂಟೆ ಲೆಕ್ಕ. ನಾಲ್ಕು ಜನ ದುಡ್ಡು ಹಾಕಿ ಒಂದು ಗಂಟೆ ತಗೊಂಡಿರುತ್ತಾರೆ, ಅದರಲ್ಲಿ ಹದಿನೈದು ನಿಮಿಷ ಬರೀ ಸರ್ವ್ ಹೊಡೆಯೋಣ ಅಂದರೆ ಯಾರು ಒಪ್ಪುತ್ತಾರೆ? ಬಂದವರೇ ಆಟ ಶುರು. ಅದಕ್ಕೆ ನಾನು ಹೇಳುವುದು ಗೋಡೆ ಹಿಡಿಯಿರಿ ಅಂತ. ಶಾಲೆಯ ಗೋಡೆಯೋ, ಖಾಲಿ ಸೈಟಿನ ಕಾಂಪೌಂಡೋ, ಮೂರು ಅಡಿ ಎತ್ತರದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ, ಅದು ನೆಟ್. ಅದರ ಮೇಲೆ ಎರಡು ಅಡಿ ಬಿಟ್ಟು ಇನ್ನೊಂದು ಗೆರೆ. 22 ಅಡಿ ಹಿಂದೆ ನಿಂತು, ಅಂದರೆ ನೆಟ್ಟಿನಿಂದ ಬೇಸ್‌ಲೈನಿಗಿರುವ ದೂರ, ಮೇಲಿನ ಗೆರೆಯ ಆಸುಪಾಸಿಗೆ ಹೊಡೆಯಿರಿ. ದಿನಕ್ಕೆ ನಲವತ್ತು ಸರ್ವ್, ಹತ್ತು ನಿಮಿಷದ ಕೆಲಸ. ಕೋರ್ಟ್ ಸಿಕ್ಕಿದ ದಿನ ಬೇಸ್‌ಲೈನಿನಿಂದ ಮೂರು ಅಡಿ ಒಳಗೆ ಟವೆಲ್ ಹಾಸಿ ಎಷ್ಟು ಚೆಂಡು ಅದರ ಹತ್ತಿರ ಬಿತ್ತು ಅಂತ ಪುಸ್ತಕದಲ್ಲಿ ಬರೆದಿಡಿ. ನನ್ನ ಹತ್ತಿರ ಎರಡು ವರ್ಷದ ಲೆಕ್ಕ ಇದೆ. ಶುರುವಿನಲ್ಲಿ ಇಪ್ಪತ್ತಕ್ಕೆ ಏಳು, ಈಗ ಹದಿನಾರು, ಹದಿನೇಳು.

ಆಟದಲ್ಲಿ ಸರ್ವ್‌ಗೆ ಮುಂಚೆ ಒಂದು ಕ್ರಮ ಇಟ್ಟುಕೊಳ್ಳಿ. ಸ್ಕೋರ್ ಪೂರ್ತಿ ಕೂಗಿದ ಮೇಲೆ ಹತ್ತು ಸೆಕೆಂಡ್ ಸಮಯ ಇದೆ, ಕಡಿಮೆಯೇನಲ್ಲ. ಚೆಂಡನ್ನು ಎರಡು ಸಲ ಪುಟಿಸಿ, ಗುರಿ ನೋಡಿ, ಒಂದು ಉಸಿರು ಬಿಟ್ಟು ಹೊಡೆಯಿರಿ. ನಮ್ಮ ಜನ ಸ್ಕೋರ್ ಬಾಯಲ್ಲಿರುವಾಗಲೇ ಹೊಡೆದುಬಿಡುತ್ತಾರೆ. 10-10 ಆದಾಗ ಆ ಒಂದು ಉಸಿರಿನ ಬೆಲೆ ಗೊತ್ತಾಗುತ್ತದೆ.

ಕೊನೆಗೆ ನನ್ನ ಮನಸ್ಸಿಗೆ ನೋವಾದ ಒಂದು ಸಂಗತಿ. ನನ್ನ ತಂಗಿಯ ಮಗಳು, ಹದಿನಾಲ್ಕು ವರ್ಷ, ಒಂದು ಕಡೆ ದುಡ್ಡು ಕಟ್ಟಿ ತರಬೇತಿಗೆ ಸೇರಿದಳು. ಎರಡು ತಿಂಗಳು. ಮೊದಲ ವಾರದಿಂದಲೇ ಜೋರು ಸರ್ವ್, ಇನ್ನೂ ಜೋರು, ಇನ್ನೂ ಜೋರು. ಡ್ರಾಪ್ ಸರ್ವ್ ಅಂತ ಒಂದಿದೆ ಅನ್ನುವುದನ್ನೇ ಹೇಳಿಲ್ಲ. ಮೊಣಕೈ ನೋವು ಅಂದರೆ ಅಭ್ಯಾಸ ಆದರೆ ಹೋಗುತ್ತದೆ ಅಂದರಂತೆ. ಕೊನೆಗೆ ಡಾಕ್ಟರು ಆರು ವಾರ ಪ್ಯಾಡಲ್ ಮುಟ್ಟಬೇಡ ಅಂದರು. ಈಗ ನನ್ನ ಜೊತೆ ಗೋಡೆಗೆ ಹೊಡೆಯುತ್ತಾಳೆ, ಭುಜದಿಂದ, ಮೆಲ್ಲಗೆ, ಆಳಕ್ಕೆ. ನೋವಿಲ್ಲ. ಕಲಿಸುವವರಲ್ಲಿ ಕೈ ಮುಗಿದು ಕೇಳುತ್ತೇನೆ, ಮಕ್ಕಳಿಗೆ ಮೊದಲ ತಿಂಗಳು ವೇಗದ ಮಾತೇ ಆಡಬೇಡಿ. ಹತ್ತಕ್ಕೆ ಎಂಟು ಆಳಕ್ಕೆ ಬೀಳಲಿ, ಆಮೇಲೆ ನೋಡೋಣ.

ಈ ಆಟ 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ, ಜೋಯೆಲ್ ಪ್ರಿಚರ್ಡ್ ಅವರ ಮನೆಯ ಹಳೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ, ಮನೆಮಂದಿಯೆಲ್ಲ ಸೇರಿ ಆಡಲಿ ಅಂತ ಹುಟ್ಟಿದ್ದು. ಇವತ್ತಿಗೂ ಕೋರ್ಟಿನ ಅಳತೆ ಬ್ಯಾಡ್ಮಿಂಟನ್ ಡಬಲ್ಸ್‌ನದೇ, 44 ಅಡಿಗೆ 20 ಅಡಿ. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಆ ಅಳತೆಯ ಅಂಗಳ ಈಗಾಗಲೇ ಇದೆ, ಸುಣ್ಣದ ಗೆರೆ ಎಳೆದರೆ ಆಯಿತು. ಪಿ.ಟಿ. ಮೇಷ್ಟ್ರುಗಳು ಮನಸ್ಸು ಮಾಡಿ, ಸರ್ವ್‌ನಿಂದಲೇ ಶುರು ಮಾಡಿ.

ಕೋರ್ಟ್ ನಡೆಸುವವರಿಗೂ ಒಂದು ಕೋರಿಕೆ. ಮಧ್ಯಾಹ್ನ ಖಾಲಿ ಬಿದ್ದಿರುವ ಹೊತ್ತಿನಲ್ಲಿ ಒಂದು ಕೋರ್ಟನ್ನು ಅರ್ಧ ಗಂಟೆ ಸರ್ವ್ ಅಭ್ಯಾಸಕ್ಕೆ ಕಡಿಮೆ ದುಡ್ಡಿಗೆ ಬಿಟ್ಟುಕೊಡಿ.

ಮತ್ತೆ ತಮಗೆ, ಸಂಪಾದಕರೇ. ಕ್ರೀಡಾ ಪುಟದಲ್ಲಿ ಒಂದು ದಿನ ಕೋರ್ಟಿನ ಚಿತ್ರ ಹಾಕಿ, ಸರ್ವ್ ಎಲ್ಲಿಂದ, ಎಲ್ಲಿಗೆ, ಕಾಲು ಎಲ್ಲಿರಬೇಕು ಅಂತ ಕನ್ನಡದಲ್ಲಿ ಅಳತೆ ಸಮೇತ ಪ್ರಕಟಿಸಿ. ಅದನ್ನು ಕತ್ತರಿಸಿ ನಮ್ಮ ಕೋರ್ಟಿನ ಬಾಗಿಲಿಗೆ ನಾನೇ ಅಂಟಿಸುತ್ತೇನೆ.

ಇತಿ ತಮ್ಮ ಓದುಗ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮೈಸೂರು